ಹನ್ನೆರಡು ಕಿಲೋದ ಕೊಡ

ಕಳೆದ ಭಾನುವಾರ ಪುಣೆಯ ನಮ್ಮ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಮಗಳು ಭೌತಶಾಸ್ತ್ರದ ಲೆಕ್ಕ ಮಾಡುತ್ತಿದ್ದಳು. ನಡೆದ ಕೆಲಸ 600 ಜೂಲ್, ವಸ್ತು ಸರಿದದ್ದು 12 ಮೀಟರ್, ಬಲ ಎಷ್ಟು? ಕೆಲಸವನ್ನು ಸ್ಥಾನಪಲ್ಲಟದಿಂದ ಭಾಗಿಸಿ 50 ನ್ಯೂಟನ್ ಎಂದು ಬರೆದಳು. ಉತ್ತರ ಸರಿ.

"ಪಪ್ಪಾ, 50 ನ್ಯೂಟನ್ ಅಂದ್ರ ಎಷ್ಟು?"

ಐದು ಕಿಲೋ ಅಕ್ಕಿ ಚೀಲ ಎತ್ತಿ ಹಿಡಿಯುವಷ್ಟು, ಅಂದೆ. ಅಲ್ಲೇ ಕೂತು ಮೆಂತ್ಯ ಸೋಸುತ್ತಿದ್ದ ಅವ್ವನ ಕಡೆ ನೋಡಿ, ಊರಿನ ಬಾವಿಯ ಲೆಕ್ಕ ಹಾಕೋಣ ಎಂದೆ.

ನೀರು ತುಂಬಿದ ಕೊಡ 12 ಕಿಲೋ, ನೀರಿನ ಆಳ 10 ಮೀಟರ್. ಒಂದು ಕೊಡ ಮೇಲೆ ತರಲು ಸುಮಾರು 1200 ಜೂಲ್ ಕೆಲಸ. 10ರಿಂದ ಭಾಗಿಸಿದರೆ 120 ನ್ಯೂಟನ್. ಗಡಗಡಿ ಇದ್ದರೂ ಬಲ ಕಡಿಮೆಯಾಗುವುದಿಲ್ಲ, ಎಳೆಯುವ ದಿಕ್ಕು ಮಾತ್ರ ಬದಲಾಗುತ್ತದೆ.

ಅವ್ವ ನಕ್ಕಳು. "ಎಲ್ಲಾ ಕಡೆ ಒಂದs ಭಾರ ಇರಂಗಿಲ್ಲೋ. ನೀರಾಗ ಇದ್ದಾಗ ಕೊಡ ಹಗರ. ನೀರು ಬಿಟ್ಟು ಮ್ಯಾಲೆ ಬಂತಂದ್ರ ಕೈ ಜಗ್ಗತದ. ದಂಡಿಗೆ ಬಂದಾಗ ಒಂದು ಕೈ ಬಿಟ್ಟು ಕೊಡ ಹಿಡೀಬೇಕಲ್ಲ, ಖರೇ ಭಾರ ಅಲ್ಲೈತಿ."

ಅವಳ ಮಾತೇ ಸರಿ. ಬಲ ಹಾದಿಯುದ್ದಕ್ಕೂ ಬದಲಾಗುತ್ತಿದ್ದರೆ ನಮ್ಮ ಭಾಗಾಕಾರದಿಂದ ಸಿಗುವುದು ಸರಾಸರಿ ಮಾತ್ರ. ಕೊಡ ನೀರಿನಲ್ಲಿ ಮುಳುಗಿರುವಾಗ ನೀರೇ ಅದನ್ನು ಮೇಲಕ್ಕೆ ಒತ್ತುತ್ತದೆ. ಹೊರಗೆ ಬಂದ ಮೇಲೆ ಕೊಡದ ಜೊತೆ ಒದ್ದೆ ಹಗ್ಗದ ತೂಕವೂ ಇರುತ್ತದೆ. ಸೇದಿದಂತೆ ಅದು ಕಡಿಮೆಯಾಗುತ್ತದೆ. ಭುಜ ಎಲ್ಲಿ ಹಿಡಿಯಿತು ಎಂಬುದನ್ನು ಸರಾಸರಿ ಹೇಳುವುದಿಲ್ಲ.

"ಅಜ್ಜಿ ಕೊಡ ಹೊತ್ತು ಮನಿಗೆ ಬರ್ತಿದ್ಳಲ್ಲ, ಆ ಕೆಲಸ ಎಷ್ಟು?" ಮಗಳ ಮುಂದಿನ ಪ್ರಶ್ನೆ.

ಸಮ ನೆಲದ ಮೇಲೆ ಒಂದೇ ವೇಗದಲ್ಲಿ ನಡೆದರೆ ಸೊನ್ನೆ. ಕೊಡವನ್ನು ಹೊತ್ತ ಬಲ ಮೇಲ್ಮುಖ, ನಡಿಗೆ ಅಡ್ಡ. ಭಾರ ಹಿಡಿದ ಸ್ನಾಯುಗಳು ಒಳಗೊಳಗೇ ಶಕ್ತಿ ಖರ್ಚು ಮಾಡುತ್ತಲೇ ಇರುತ್ತವೆ, ಆದರೆ ಅದು ಈ ಸೂತ್ರದ ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ 20 ಕೊಡ ಸೇದಿದರೂ 24,000 ಜೂಲ್. ಆಹಾರದ ಲೆಕ್ಕದಲ್ಲಿ ಆರು ಕಿಲೋಕ್ಯಾಲೊರಿಯೂ ಆಗುವುದಿಲ್ಲ.

ಇದನ್ನು ಹೇಳುತ್ತಿರುವಾಗ ನನಗೆ ಹೋದ ತಿಂಗಳು ನೆನಪಾಯಿತು. ಅವ್ವನ ಬಲಭುಜ ತೋರಿಸಲು ಕರೆದುಕೊಂಡು ಹೋಗಿದ್ದೆ. "ಇವರು ಏನು ಕೆಲಸ ಮಾಡ್ತಿದ್ರು?" ಎಂದು ಡಾಕ್ಟರು ಕೇಳಿದರು. "ಕೆಲಸ ಏನಿಲ್ಲ, ಮನೆಯಲ್ಲೇ ಇದ್ದವರು" ಎಂದಿದ್ದೆ. ಅವ್ವ ಪಕ್ಕದಲ್ಲೇ ಕೂತಿದ್ದಳು. ಒಂದು ಮಾತೂ ಆಡಲಿಲ್ಲ.

ಭೌತಶಾಸ್ತ್ರ ಸೊನ್ನೆ ಎನ್ನುವುದಕ್ಕೆ ಒಂದು ಕಾರಣವಿದೆ, ಅದನ್ನು ಬಿಡಿಸಿ ಹೇಳಬಹುದು. ನನ್ನ ಸೊನ್ನೆಗೆ ಅಂಥ ಕಾರಣವೇನೂ ಇರಲಿಲ್ಲ.

ಗುರುವಾರ ಮತ್ತೆ ಡಾಕ್ಟರ ಹತ್ತಿರ ಹೋಗುವುದಿದೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ: ದಿನಕ್ಕೆ 20 ಕೊಡ, ಒಂದೊಂದು 12 ಕಿಲೋ, ಸುಮಾರು 30 ವರ್ಷ. ಕೊಡ ಹಿಡಿಯುತ್ತಿದ್ದದ್ದು ಯಾವ ಕೈಯಲ್ಲಿ ಎಂದು ಅವ್ವನನ್ನೇ ಕೇಳಿದೆ. ಬಲಗೈ.