ಕ್ಯಾಸೆಟ್ಟಿನಿಂದ ಫೈಲಿಗೆ

ಕ್ಯಾಸೆಟ್ಟಿನ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸುವುದೆಂದರೆ, ಆ ರೀಲು ಇನ್ನೊಮ್ಮೆ ಓಡುವುದೋ ಇಲ್ಲವೋ ಎಂಬ ಎಚ್ಚರದಲ್ಲಿ ಅದನ್ನು ಒಂದು ಸಲ ಚೆನ್ನಾಗಿ ನುಡಿಸಿ, ಬಂದ ಧ್ವನಿಯನ್ನು ಅಂಕಿಗಳಾಗಿ ಬರೆದಿಟ್ಟುಕೊಳ್ಳುವುದು. ಕೆಲಸದ ಮುಕ್ಕಾಲು ಪಾಲು ನುಡಿಸುವುದರಲ್ಲೇ ಇದೆ. ಟೇಪು ಸರಿಯಾಗಿ ನುಡಿಯದಿದ್ದರೆ ಕಂಪ್ಯೂಟರು ಏನನ್ನೂ ಸೇರಿಸಿಕೊಡಲಾರದು.

ಈ ಪುಟ್ಟ ಡಬ್ಬಿಯನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಜನರ ಮುಂದಿಟ್ಟಿತು. ಕನ್ನಡದ ಮನೆಗಳಿಗೆ ಅದು ಬಂದು ನೆಲೆಸಿದ್ದು ಎಪ್ಪತ್ತರ ದಶಕದ ಕೊನೆಯಿಂದೀಚೆಗೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದು, ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾಯಿತು. ಆಮೇಲೆ ಹರಿಕಥೆ, ಪ್ರವಚನ, ನಾಟಕ, ಸಿನಿಮಾ ಹಾಡು ಎಲ್ಲವೂ ಬಂದವು. ಇಂಥವು ಸಾವಿರಾರು ಪ್ರತಿಗಳಲ್ಲಿ ಮಾರಾಟವಾದವು. ಒಂದು ಹಾಳಾದರೆ ಇನ್ನೊಂದು ಎಲ್ಲೋ ಸಿಗುತ್ತದೆ. ಆದರೆ ಮನೆಯಲ್ಲಿ, ಗುಡಿಯಲ್ಲಿ, ನಾಟಕದ ಚಪ್ಪರದಲ್ಲಿ ಟೂ ಇನ್ ಒನ್ ರೇಡಿಯೊ-ರೆಕಾರ್ಡರ್ ಇಟ್ಟು ತುಂಬಿಸಿಕೊಂಡ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಇಲ್ಲ. ಸಮಯ ಕಡಿಮೆಯಿದ್ದವರು ಅಂಗಡಿಯಲ್ಲಿ ಕೊಂಡದ್ದನ್ನು ಪಕ್ಕಕ್ಕಿಟ್ಟು, ಬಾಲ್‌ಪೆನ್ನಿನಲ್ಲಿ ಹೆಸರು ಬರೆದವುಗಳಿಂದಲೇ ಶುರು ಮಾಡಬೇಕು.

ಉದಾಹರಣೆಗೆ, ಬೆಂಗಳೂರಿನ ಪಕ್ಕದ ಆನೇಕಲ್ ಸೀಮೆಯ ಹಳೆಯ ಪೆಟ್ಟಿಗೆಗಳಲ್ಲಿ ಸಿಗಬಹುದಾದುದೂ ಇಂಥದ್ದೇ: ಧರ್ಮರಾಯ ದೇವಸ್ಥಾನದ ಕರಗದ ರಾತ್ರಿ, ಹುಸ್ಕೂರು ಮದ್ದೂರಮ್ಮನ ಜಾತ್ರೆಯ ತಮಟೆ, ರೇಷ್ಮೆ ನೇಯುವ ಮನೆಯಲ್ಲಿ ಅಜ್ಜಿ ಹೇಳಿದ ಸೋಬಾನೆ, ನಡುನಡುವೆ ತೆಲುಗು, ತಮಿಳಿನ ಮಾತು. ಎಲ್ಲಕ್ಕಿಂತ ದೊಡ್ಡ ಕಟ್ಟು ರಾತ್ರಿಯಿಡೀ ಆಡುವ ಕುರುಕ್ಷೇತ್ರ ನಾಟಕದ್ದು. ಒಂಬತ್ತು ಗಂಟೆಯ ಆಟಕ್ಕೆ ತೊಂಬತ್ತು ನಿಮಿಷದ ಆರು ಕ್ಯಾಸೆಟ್ ಬೇಕು. ನಲವತ್ತೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುವಾಗ ಭೀಮನ ಮಾತು ಅರ್ಧಕ್ಕೆ ನಿಂತು, ಮುಂದಿನ ಮಗ್ಗುಲಿನಲ್ಲಿ ಇನ್ಯಾರದೋ ಪದ್ಯದ ನಡುವಿನಿಂದ ತೆರೆದುಕೊಳ್ಳುತ್ತದೆ. ಹಾರ ಹಾಕಿ ಹನ್ನೊಂದು ರೂಪಾಯಿ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವುದೂ, ‘ಒನ್ಸ್ ಮೋರ್’ ಎಂಬ ಬೊಬ್ಬೆಯೂ ಅದರೊಳಗೇ ಇರುತ್ತದೆ. ಊರಿನಲ್ಲಿ ಆ ವರ್ಷ ಯಾರು ಯಾರಿದ್ದರು ಎಂಬುದಕ್ಕೆ ಕೆಲವೊಮ್ಮೆ ಆ ಕೂಗೊಂದೇ ಆಧಾರ, ಅದನ್ನು ಕತ್ತರಿಸಬಾರದು. ಕರಾವಳಿಯಲ್ಲಿ ಯಕ್ಷಗಾನವನ್ನೂ ಜನ ಹೀಗೇ ತುಂಬಿಸಿಟ್ಟುಕೊಂಡರು. ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೆರಡರ ಆಸುಪಾಸು. ಇಂದಿನವರು ಅವರ ಪದ ಕೇಳುವುದರಲ್ಲಿ ಅಭಿಮಾನಿಗಳು ಅಂದು ತುಂಬಿಸಿಟ್ಟ ಕ್ಯಾಸೆಟ್ಟುಗಳ ಉಪಕಾರ ದೊಡ್ಡದು.

ಕೆಲಸ ಶುರುವಾಗುವುದು ಕೈ ತೊಳೆದು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿಯುವುದರಿಂದ. ಹಿಂಬದಿಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮೊದಲು ಮುರಿಯಬೇಕು. ಮುರಿದರೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ, ಕೈ ತಪ್ಪಿಯೂ ಅಜ್ಜಿಯ ಹಾಡಿನ ಮೇಲೆ ಇನ್ನೊಂದು ಕೂರುವುದಿಲ್ಲ. ರೀಲಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಒರೆಸಿ ಒಣಗಿಸುವ ತನಕ ಯಂತ್ರಕ್ಕೆ ಹಾಕಬಾರದು. ಒಂದರ ಬೂಷ್ಟು ಮಿಕ್ಕವಕ್ಕೂ ಹರಡುತ್ತದೆ. ಕ್ಯಾಸೆಟ್ಟಿನ ತೆರೆದ ಅಂಚಿನ ನಡುವೆ ಲೋಹದ ಪಟ್ಟಿಗೆ ಅಂಟಿಸಿದ ಕಾಳಿನಷ್ಟು ಬಟ್ಟೆಯ ಮೆತ್ತೆ ಇರುತ್ತದೆ. ಅದು ಉದುರಿದ್ದರೆ ರೀಲು ಯಂತ್ರದಲ್ಲಿ ಧ್ವನಿ ಓದುವ ಹೆಡ್ಡಿಗೆ ಒತ್ತಿ ಕೂರದೆ ಧ್ವನಿ ಹೋಗಿ ಬಂದು ಮಾಡುತ್ತದೆ. ಆಗ ಐದು ಸ್ಕ್ರೂ ಬಿಚ್ಚಿ, ಎರಡೂ ಸುತ್ತುಗಳನ್ನು ಹುಷಾರಾಗಿ ಎತ್ತಿ ಬೇರೆ ಡಬ್ಬಿಯಲ್ಲಿ ಕೂರಿಸುವುದೇ ದಾರಿ. ಸ್ಕ್ರೂ ಇಲ್ಲದೆ ಅಂಟಿಸಿಬಿಟ್ಟ ಡಬ್ಬಿಯಾದರೆ ಅಂಚಿನಲ್ಲಿ ಬ್ಲೇಡು ಆಡಿಸಿ ಬಿಡಿಸಬೇಕಾಗುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹತ್ತಿರ ಹತ್ತಿರ 90 ಮೀಟರ್ ರೀಲಿದೆ. ಕೈಯಿಂದ ಜಾರಿದರೆ ನೆಲದ ತುಂಬ ಹರಡುತ್ತದೆ. ವರ್ಷಗಟ್ಟಲೆ ಅಲ್ಲಾಡದೆ ಕೂತ ರೀಲನ್ನು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಪೂರ್ತಿ ಓಡಿಸಿದರೆ ಸುತ್ತು ಸಡಿಲವಾಗಿ ಹದಕ್ಕೆ ಬರುತ್ತದೆ. ಯಂತ್ರದ ಮೇಲೆ ನಂಬಿಕೆಯಿಲ್ಲದಿದ್ದರೆ ಇದಕ್ಕೆ ಹಳೆಯ ಪೆನ್ಸಿಲ್ಲೇ ವಾಸಿ.

ನುಡಿಸಲು ಒಳ್ಳೆಯ ಡೆಕ್, ಅಂದರೆ ಕ್ಯಾಸೆಟ್ ನುಡಿಸುವ ಯಂತ್ರ, ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆ, ಭಾನುವಾರದ ಸಂತೆ ಸುತ್ತಿದರೆ ಹಳೆಯ ಯಂತ್ರಗಳು ಸಿಗುತ್ತವೆ. ಸಾಮಾನ್ಯವಾಗಿ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಬದಲಿಸಬೇಕು. ಹೆಡ್ಡನ್ನೂ ಅದರ ಪಕ್ಕ ತಿರುಗುವ ಉಕ್ಕಿನ ಕಡ್ಡಿಯನ್ನೂ ಹತ್ತಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಒರೆಸಿದರೆ ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಹಳೆಯ ಕ್ಯಾಸೆಟ್ಟುಗಳು ಬಿಟ್ಟುಹೋದ ಕಬ್ಬಿಣದ ಆಕ್ಸೈಡ್ ಪುಡಿ. ಹತ್ತಿ ಬೆಳ್ಳಗೇ ಉಳಿಯುವ ತನಕ ಒರೆಸಬೇಕು.

ಇನ್ನು ಈ ಕೆಲಸದ ಜೀವಾಳ: ಹೆಡ್ಡಿನ ಪಕ್ಕದಲ್ಲಿರುವ, ಅದರ ಕೋನ ಬದಲಿಸುವ ಒಂದು ಪುಟ್ಟ ಸ್ಕ್ರೂ. ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. 10,000 ಹರ್ಟ್ಸಿನ ಒಂದು ಅಲೆ, ಅಂದರೆ ‘ಸ’ಕಾರದ ಸೀಳು, ತಾಳದ ಕಿಣಿ, ರೀಲಿನ ಮೇಲೆ ಹಿಡಿಯುವ ಜಾಗ 4.76 ಮೈಕ್ರಾನ್, ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಹತ್ತಾರು ಅಲೆ ಹಿಡಿಸುತ್ತವೆ. ತುಂಬಿಸಿದ ಯಂತ್ರದ ಹೆಡ್ಡು ರೀಲಿಗೆ ಯಾವ ಕೋನದಲ್ಲಿ ನಿಂತಿತ್ತೋ ನುಡಿಸುವ ಹೆಡ್ಡೂ ಅದೇ ಕೋನದಲ್ಲಿ ನಿಲ್ಲಬೇಕು. ಮನೆಯ ಮೋನೊ ರೆಕಾರ್ಡರು ರೀಲಿನ ಮೇಲೆ ಬರೆಯುವ ಗೆರೆ 1.5 ಮಿಲಿಮೀಟರ್ ಅಗಲ. ಕೋನ ಒಂದು ಡಿಗ್ರಿಯ ಐದನೇ ಒಂದು ಭಾಗ ಓರೆಯಾದರೂ ಆ ಅಲೆಗಳು ಒಂದನ್ನೊಂದು ಅಳಿಸಿಕೊಂಡು ಹೆಚ್ಚುಕಡಿಮೆ ಮಾಯವಾಗುತ್ತವೆ. ಆಗ ಕೇಳುವುದು ಕಂಬಳಿ ಹೊದ್ದು ಹಾಡಿದಂಥ ದನಿ. ಟೇಪು ಹಳತಾಗಿ ದನಿ ಮಂಕಾಯಿತು ಎಂದು ಹಲವರು ಕೈಬಿಡುತ್ತಾರೆ. ಎಷ್ಟೋ ಸಲ ಹಾಳಾಗಿರುವುದು ಟೇಪಲ್ಲ, ತಪ್ಪಿರುವುದು ಕೋನ.

ಪರಿಹಾರ ಸುಲಭ, ತಾಳ್ಮೆ ಬೇಡುತ್ತದೆ. ಎಡಬಲ ಎರಡೂ ಚಾನೆಲ್ಲುಗಳನ್ನು ಒಂದಾಗಿ ಬೆರೆಸಿ ಹೆಡ್‌ಫೋನಿನಲ್ಲಿ ಕೇಳುತ್ತ ಆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಬೆರೆಸಿ ಕೇಳುವಾಗ ಓರೆ ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ. ಮೊದಲು ಮೇಲಿನ ‘ಸ್’ ಎಂಬ ಹಿಸುಗುಟ್ಟುವಿಕೆ ಬೆಳಗುತ್ತದೆ, ಹಿಂದೆಯೇ ಬಳೆಯ ಸದ್ದು, ಆಮೇಲೆ ಮಾತಿನ ಅಂಚು. ಸೋಬಾನೆ ಹೇಳುವ ಅಜ್ಜಿಯ ಹಿಂದೆ ಇದುವರೆಗೆ ಬರೀ ಗುಡುಗುಡು ಎನ್ನುತ್ತಿದ್ದುದು ಮಗ್ಗದ ಲಾಳಿಯ ಏಟಾಗಿ ಬಿಡಿಬಿಡಿಯಾಗಿ ಕೇಳಿಸುತ್ತದೆ. ಈ ಕೆಲಸದಲ್ಲಿ ಇದಕ್ಕಿಂತ ಸುಖದ ಗಳಿಗೆ ಬೇರೆ ಇಲ್ಲ. ಪ್ರತಿ ಕ್ಯಾಸೆಟ್ಟಿಗೂ, ಕೆಲವೊಮ್ಮೆ ಪ್ರತಿ ಮಗ್ಗುಲಿಗೂ, ಹೀಗೆ ಹೊಸದಾಗಿ ಹೊಂದಿಸಬೇಕು. ಫೈಲು ಮಾಡಿಕೊಂಡ ಮೇಲೆ ಈ ತಪ್ಪನ್ನು ತಿದ್ದಲು ಬರುವುದಿಲ್ಲ.

ವೇಗದ್ದು ಅಷ್ಟು ಅವಸರವಲ್ಲ, ಆಮೇಲೂ ಸರಿಪಡಿಸಬಹುದು. ಸೆಲ್ಲು ಸೋತಾಗ ತುಂಬಿಸಿದ ಟೇಪು ನುಡಿಸುವಾಗ ವೇಗವಾಗಿ, ಎಳೆದನಿಯಲ್ಲಿ ಓಡುತ್ತದೆ. ಕರೆಂಟಿನಲ್ಲಿ ತುಂಬಿಸಿದ್ದಾದರೆ ಹಿನ್ನೆಲೆಯ ಗುಂಯ್‌ಕಾರ 50 ಹರ್ಟ್ಸ್ ಇರಬೇಕು. 52 ತೋರಿಸಿದರೆ ಎಷ್ಟು ತಗ್ಗಿಸಬೇಕೆಂದು ಲೆಕ್ಕ ಸಿಕ್ಕಿತು. ನಾಟಕದ್ದಾದರೆ ಹಾರ್ಮೋನಿಯಂ ಮೇಷ್ಟರು ಯಾವ ಶ್ರುತಿಯಲ್ಲಿ ನುಡಿಸುತ್ತಿದ್ದರು ಎಂದು ಊರಿನ ಹಿರಿಯರನ್ನು ಕೇಳಿ ಹೊಂದಿಸುವುದೂ ಉಂಟು.

ಡೆಕ್ಕಿನ ಲೈನ್ ಔಟಿನಿಂದ ಆಡಿಯೊ ಇಂಟರ್‌ಫೇಸಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ ವೈರು. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯಲ್ಲೇ ಓಡಿಸಿದರೆ ಅರ್ಧಕ್ಕರ್ಧ ಗುಂಯ್‌ಕಾರ ತಾನಾಗಿ ನಿಲ್ಲುತ್ತದೆ. ನಡುವೆ ಕರೆಂಟು ಹೋದರೂ ಬರೆದಷ್ಟು ಉಳಿದಿರುತ್ತದೆ. ಅಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಸೆಕೆಂಡಿಗೆ 48,000 ಮಾದರಿ, 24 ಬಿಟ್, ವೇವ್ ಫೈಲು. ಗಂಟೆಗೆ ಸುಮಾರು ಒಂದು ಜಿಬಿ ಜಾಗ ಹಿಡಿಯುತ್ತದೆ; ಜಾಗ ಉಳಿಸಬೇಕೆಂದರೆ ಫ್ಲಾಕ್ ಮಾಡಬಹುದು, ಅದರಲ್ಲಿ ಏನೂ ನಷ್ಟವಾಗುವುದಿಲ್ಲ. ಎಂಪಿ3ಯನ್ನು ಮೂಲವಾಗಿ ಇಟ್ಟುಕೊಳ್ಳಬಾರದು. ಅತಿ ಜೋರಾದ ಕಡೆಯೂ ಸೂಚಕ ಮೈನಸ್ ಆರು ಡೆಸಿಬಲ್ ದಾಟದಂತೆ ಇಡಬೇಕು, ಏಕೆಂದರೆ ಒಮ್ಮೆ ಒಡೆದ ದನಿ ಒಡೆದದ್ದೇ. ಅರವತ್ತು ನಿಮಿಷದ ಟೇಪಿಗೆ ಅರವತ್ತು ನಿಮಿಷವೇ ಬೇಕು. ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದವರಿಗೆ ದಿನಕ್ಕೊಂದು ಕ್ಯಾಸೆಟ್ ಹೇಳಿ ಮಾಡಿಸಿದ ಲೆಕ್ಕ. ಓಡಲು ಬಿಟ್ಟು ಎದ್ದುಹೋಗದೆ ಕೂತು ಕೇಳುವುದೇ ಒಳ್ಳೆಯದು. ಯಾರ ದನಿ, ಎಲ್ಲಿ, ಯಾವ ನಿಮಿಷದಲ್ಲಿ ಎಂಬುದನ್ನು ಆಗಲೇ ಗುರುತು ಹಾಕಿಕೊಳ್ಳಬಹುದು.

ಸದ್ದು ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ಮೂಲ ಫೈಲನ್ನು ಮುಟ್ಟದೆ, ಅದರ ಪ್ರತಿಯ ಮೇಲೆ ಸ್ವಲ್ಪವೇ ಕೈಯಾಡಿಸುವುದು ಲೇಸು. ಹಿಸುಗುಟ್ಟುವಿಕೆಯನ್ನು ಪೂರ್ತಿ ಅಳಿಸಹೊರಟರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಕಟಕಟ ತೆಗೆಯುವ ಸೌಲಭ್ಯವಂತೂ ಲಾಳಿಯ ಏಟನ್ನೂ ದೋಷವೆಂದೇ ತಿಳಿದು ತಿಂದುಹಾಕುತ್ತದೆ.

ಫೈಲಿಗೆ ವರ್ಷ, ಊರು, ಹಾಡಿದವರ ಹೆಸರು, ಮಗ್ಗುಲು ಸೇರಿಸಿ ಹೆಸರಿಡಬೇಕು. ವರ್ಷವನ್ನು ಮೊದಲು ಬರೆದರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಕ್ಯಾಸೆಟ್ಟಿನ ಚೀಟಿಯ ಫೋಟೊ ತೆಗೆದು ಜೊತೆಗಿಡಬೇಕು. ಮೂರು ಪ್ರತಿ ಇರಲಿ, ಅದರಲ್ಲೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಕ್ಯಾಸೆಟ್ಟನ್ನು ಕೊನೆಯ ತನಕ ಸುತ್ತಿ ಡಬ್ಬಿಗೆ ಹಾಕಿ, ಸ್ಪೀಕರಿನಿಂದ ದೂರ, ತೇವವಿಲ್ಲದ ಕಪಾಟಿನಲ್ಲಿ ಪುಸ್ತಕದಂತೆ ನಿಲ್ಲಿಸಿಡಬೇಕು.