ಒತ್ತಿಗೊಂದಿಷ್ಟು ಜಾಗ

ಲೋಕದಲ್ಲಿ ಕೆಲಸ ಮಾಡುವ ಬಗೆ ಎರಡು. ಮೇಜನ್ನು ನಾವೇ ಎಳೆದು ಮೂಲೆಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ತೃಪ್ತಿಪಡುವುದು ಒಂದು. “ಕಿಟಕಿ ಎಲ್ಲಿದ್ದರೂ ಸರಿಯಪ್ಪ, ಅದರಿಂದ ಒಂದು ಮೊಳ ಬಿಟ್ಟು ಇಡು” ಎಂದು ಅಪ್ಪಣೆ ಮಾಡುವುದು ಇನ್ನೊಂದು. ಮೊಬೈಲ್ ಆ್ಯಪ್ ಕಟ್ಟುವವರಲ್ಲಿಯೂ ಈ ಎರಡು ಪಂಗಡಗಳುಂಟೆಂದು ನನಗೆ ತಿಳಿಸಿದವಳು ನೆರೆಮನೆಯ ಹುಡುಗಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಚಾಂಪಿಯನ್ ರೀಫ್ಸಿನ ಅನ್ನ ನೆಲದ ಕೆಳಗಿಲ್ಲ. ಬೆಂಗಳೂರಿಗೆ ಹೋಗುವ ರೈಲಿನ ಆ ತುದಿಯಲ್ಲಿದೆ. ಅವಳೂ ದಿನವೂ ಆ ರೈಲು ಹತ್ತುವವಳೇ.

ಪರದೆಯ ಮೇಲೆ ಗುಂಡಿಗಳನ್ನು ಎಳೆದಿಡುವ ಪದ್ಧತಿ ಹೊಸದೇನಲ್ಲ. 1988ರಲ್ಲಿಯೇ ನೆಕ್ಸ್ಟ್ ಕಂಪೆನಿಯ ‘ಇಂಟರ್‌ಫೇಸ್ ಬಿಲ್ಡರ್’ ಅದನ್ನು ಮಾಡಿ ತೋರಿಸಿತ್ತು. ಆಂಡ್ರಾಯ್ಡ್ ಸ್ಟುಡಿಯೋದಲ್ಲಿಯೂ ಅಂಥದೊಂದು ಹಲಗೆಯಿದೆ. ಆದರೆ ಗಾಳಿ ಈಚೆಗೆ ತಿರುಗಿದೆ. 2019ರಲ್ಲಿ ಆಪಲ್‌ನ ‘ಸ್ವಿಫ್ಟ್‌ಯುಐ’, 2021ರಲ್ಲಿ ಗೂಗಲ್‌ನ ‘ಜೆಟ್‌ಪ್ಯಾಕ್ ಕಂಪೋಸ್’ ಬಂದು ಬರವಣಿಗೆಯನ್ನೇ ಮುಂದುಮಾಡಿದವು. ಚಿತ್ರವು ಬರೆದದ್ದನ್ನು ತೋರಿಸುವ ಕನ್ನಡಿಯಾಯಿತು.

ಹಲಗೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೊಸಬನಿಗೆ ಅದು ಧೈರ್ಯ ಕೊಡುತ್ತದೆ. ಇಟ್ಟದ್ದು ಇಟ್ಟಲ್ಲೇ ಕಾಣುತ್ತದೆ. ತೊಡಕಿರುವುದು ಕಣ್ಣಿನಲ್ಲಿ. ಕಣ್ಣು ಎದುರಿಗಿರುವುದನ್ನು ಮಾತ್ರ ನೋಡುತ್ತದೆ. ಎದುರಿಗಿರುವುದೋ ಸಾಮಾನ್ಯವಾಗಿ ಇಂಗ್ಲಿಷು. ‘ನೋ’ ಎಂಬ ಎರಡಕ್ಷರದ ಮಾತಿಗೆ ಅಳೆದ ಪೆಟ್ಟಿಗೆಯೊಳಗೆ ನಮ್ಮ ‘ಇಲ್ಲ’ವನ್ನು ತುರುಕಿದರೆ ಗತಿಯೇನು? ತಮಿಳು ಅಡ್ಡಡ್ಡ ಬೆಳೆಯುತ್ತದೆ. ಕನ್ನಡ ತೆಲುಗುಗಳು ಒತ್ತಿನ ಕಾಲನ್ನು ಕೆಳಕ್ಕೆ ಇಳಿಬಿಡುತ್ತವೆ. ಈ ಮೂರನ್ನೂ ಆಡುವ ನಮ್ಮೂರಿಗೆ ಒಂದೇ ಅಳತೆಯ ಪೆಟ್ಟಿಗೆ ಹೇಗೆ ಸಾಲೀತು?

ಆ ಹುಡುಗಿಯ ತಂದೆ ಗಣಿಯಲ್ಲಿ ದುಡಿದು ಹಣ್ಣಾದವರು. ಕಣ್ಣು ಮಂಜಾದ್ದರಿಂದ ಫೋನಿನ ಅಕ್ಷರವನ್ನು ಆದಷ್ಟೂ ದಪ್ಪ ಮಾಡಿಕೊಂಡಿದ್ದಾರೆ. ಒಂದು ದಿನ ಯಾವುದೋ ಆ್ಯಪನ್ನು ನನ್ನ ಮುಂದೆ ಹಿಡಿದರು. ‘ಇಲ್ಲ’ ಎಂಬುದು ‘ಇಲ’ವಾಗಿತ್ತು, ‘ಒಪ್ಪಿಗೆ’ ‘ಒಪಿಗೆ’ಯಾಗಿತ್ತು. “ಏನು ಮೇಷ್ಟ್ರೇ, ಕನ್ನಡದ ಕಾಲೇ ಕತ್ತರಿಸಿದ್ದಾರಲ್ಲ!” ಎಂದರು. ನಗು ಬಂದಿತಾದರೂ ಅವರ ಬೆರಳು ಯಾವ ಗುಂಡಿಯನ್ನೂ ಒತ್ತಲಾರದೆ ನಿಂತದ್ದನ್ನು ಕಂಡು ನಗು ಅಲ್ಲಿಯೇ ಉಡುಗಿತು. ಹಣದ ವಿಷಯ, ಓದಲಾಗದುದಕ್ಕೆ ಒಪ್ಪಿಗೆ ಕೊಡುವುದೆಂತು?

ಮಗಳು ಹೇಳಿದಳು: “ಎತ್ತರ ಇಷ್ಟೇ ಅಂತ ಕಟ್ಟಿಹಾಕಬಾರದು, ಅಪ್ಪ. ‘ಒಳಗಿನ ಮಾತಿಗೆ ತಕ್ಕಷ್ಟು ಬೆಳೆ’ ಅಂತ ಬರೀಬೇಕು.” ಹಲಗೆಯಲ್ಲಿಯೂ ಹಾಗೆ ಹೇಳಲು ಬರುತ್ತದಂತೆ, ಎಳೆದಿಟ್ಟು ಅಂದ ನೋಡುವ ಭರದಲ್ಲಿ ಮರೆಯುತ್ತಾರೆ, ಅಷ್ಟೆ. ಗಣಿಯ ನಕ್ಷೆ ಮೇಲಿನ ಕಚೇರಿಯಲ್ಲಿ ಎಷ್ಟೇ ಅಚ್ಚುಕಟ್ಟಾಗಿರಲಿ, ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ನಡೆಯುತ್ತಿದ್ದುದು ಬಂಡೆಯ ಒತ್ತಡದ ಮಾತೇ. ಅದನ್ನು ಆ ತಂದೆಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹಾಗೆಂದು ಬರೆದೊಡನೆ ಎಲ್ಲವೂ ನೇರ್ಪಟ್ಟೀತೆಂದಲ್ಲ. ಕಂಪ್ಯೂಟರಿನ ಕಡತದಲ್ಲಿ ‘ಕ್ಕ’ ಎಂಬುದು ಒಂದು ಕ, ಒಂದು ಹಲಂತ, ಮತ್ತೊಂದು ಕ, ಹೀಗೆ ಸಾಲಾಗಿ ಕುಳಿತಿರುತ್ತದೆ; ಎರಡನೆಯದು ಕೆಳಗಿಳಿಯುವುದು ಪರದೆಗೆ ಬಂದ ಮೇಲೆಯೇ. ಒತ್ತನ್ನು ಕಣ್ಣಾರೆ ಕಂಡರಿಯದವನು ಅದಕ್ಕೆ ಜಾಗ ಬಿಡಬೇಕೆಂದು ಬರೆಯುವುದಾದರೂ ಹೇಗೆ? ಆದುದರಿಂದ ಮೊದಲು ಕನ್ನಡವನ್ನೇ ಪರದೆಯ ಮೇಲಿಟ್ಟು, ದಪ್ಪ ಅಕ್ಷರದಲ್ಲಿ, ಮುದುಕರ ಕಣ್ಣಿನಿಂದ ನೋಡಬೇಕು, ಆಮೇಲೆ ಬರೆಯಬೇಕು. ಕೈಯಿಂದ ಎಳೆದರೂ ಸರಿ, ಬರೆದು ಹೇಳಿದರೂ ಸರಿ, ಕಾಲು ಚಾಚಲು ಒತ್ತಿಗೊಂದಿಷ್ಟು ಜಾಗವಿದ್ದರೆ ಸಾಕು.