ಮಣಿಕಟ್ಟಿನ ಮನೆತನ

ಹೊತ್ತು ತಿಳಿಯಲೆಂದು ಕೈಗಡಿಯಾರ ಕಟ್ಟಿಕೊಳ್ಳುತ್ತಿದ್ದ ಕಾಲ ಕಳೆದುಹೋಯಿತು. ಇಂದು ಹೊತ್ತು ತೋರಿಸುವವರಿಗೆ ಬರವಿಲ್ಲ. ಜೇಬಿನ ಫೋನಿನಲ್ಲಿ ಉಂಟು, ಕಾರಿನಲ್ಲಿ ಉಂಟು, ಅಡಿಗೆಮನೆಯ ಒಲೆಯ ಮೇಲೂ ಉಂಟು. ಹೀಗಿದ್ದೂ ಮನುಷ್ಯ ಮಣಿಕಟ್ಟನ್ನು ಬರಿದಾಗಿ ಬಿಡಲೊಲ್ಲ. ಅಷ್ಟೇ ಅಲ್ಲ, ನೆರೆಹೊರೆಯವರು ಹೆಸರನ್ನೇ ಕೇಳಿರದ, ಮೂರು ನಾಲ್ಕು ಜನ ಸೇರಿ ನಡೆಸುವ ಕಿರು ಕಂಪೆನಿಯ ಗಡಿಯಾರಕ್ಕೆ ಮುಂಗಡ ಹಣ ಕಟ್ಟಿ ತಿಂಗಳುಗಟ್ಟಲೆ ಕಾಯುವವರೂ ಇದ್ದಾರೆ.

ಬೆಂಗಳೂರಿನ ಒಂದು ಮನೆಯಲ್ಲಿ ಅಂಥ ತರುಣನೊಬ್ಬನಿದ್ದ. ತಂದೆ ನಿವೃತ್ತ ಉಪಾಧ್ಯಾಯರು. ಅವರ ಎಡಗೈಯಲ್ಲಿದ್ದುದು ಮೊದಲ ಸಂಬಳದಲ್ಲಿ ಕೊಂಡ ಎಚ್.ಎಂ.ಟಿ. ಜನತಾ. ಬೆಳಗಿನ ಕಾಫಿಯಾದೊಡನೆ ಅದಕ್ಕೆ ಕೀ ಕೊಡುವುದು ಅವರಿಗೆ ಒಂದು ವ್ರತ. ಅವರ ಅಣ್ಣ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಬಾಳೆಲ್ಲ ದುಡಿದವರು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿದಾಗ ಮೇಷ್ಟರು ಮನೆಯಲ್ಲಿ ಸೂತಕವಿದ್ದಂತೆ ಎರಡು ದಿನ ಮಾತಾಡಲಿಲ್ಲ.

ಪೊಟ್ಟಣ ಬಂದ ದಿನ ಮಗ ಅದನ್ನು ತಂದೆಯ ಮುಂದೆಯೇ ಬಿಚ್ಚಿದ. ಕಡುನೀಲಿಯ ಮುಖ, ತೆಳುವಾದ ಮುಳ್ಳುಗಳು, ಬೆನ್ನಿಗೆ ಗಾಜು. ಸೊಗಸಾಗಿದೆಯೆಂದು ಮೇಷ್ಟರು ಒಪ್ಪಿದರು. ಅನಂತರ ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ ಪ್ರಶ್ನೆಗಳು ಆರಂಭವಾದವು.

“ಈ ಉಕ್ಕಿನ ಕವಚ ಮಾಡಿದವರಾರು?”

“ಚೀನದ ಒಂದು ಕಾರ್ಖಾನೆ.”

“ಒಳಗಿನ ಯಂತ್ರ?”

“ಜಪಾನಿನದು.”

“ಹಾಗಾದರೆ ಈ ಕಂಪೆನಿಯವರು ಮಾಡಿದ್ದೇನು? ಹೆಸರು ಬರೆದದ್ದೋ?”

ಮಗನಿಗೆ ಉತ್ತರ ಹೊಳೆಯಲಿಲ್ಲ. ಗಡಿಯಾರವನ್ನು ಕಟ್ಟಿಕೊಂಡು ತನ್ನ ಕೋಣೆಗೆ ಹೋದ.

ಮೇಷ್ಟರ ಪ್ರಶ್ನೆ ಅನ್ಯಾಯದ್ದೆನ್ನಲಾಗದು. ಮೈಕ್ರೋಬ್ರಾಂಡ್ ಎಂದು ಕರೆಸಿಕೊಳ್ಳುವ ಈ ಕಿರು ಕಂಪೆನಿಗಳ ಸಂಸಾರವೇ ಹಾಗೆ. ಸ್ವಂತ ಕಾರ್ಖಾನೆಯಿಲ್ಲ, ಅಂಗಡಿಗಳ ಸಾಲಿಲ್ಲ, ಚಿತ್ರತಾರೆಯರ ಜಾಹೀರಾತಿಲ್ಲ. ಆಕಾರ, ಬಣ್ಣ, ಅಳತೆಗಳನ್ನು ತಾವು ನಿರ್ಧರಿಸುತ್ತಾರೆ. ಕವಚವನ್ನು ಒಬ್ಬರಿಂದ, ಮುಖವನ್ನು ಮತ್ತೊಬ್ಬರಿಂದ ಮಾಡಿಸುತ್ತಾರೆ. ಯಂತ್ರವನ್ನು ಜಪಾನಿನ ಸೀಕೋ ಅಥವಾ ಮಿಯೋಟಾದಿಂದಲೋ, ಸ್ವಿಟ್ಜರ್ಲೆಂಡಿನ ಸೆಲ್ಲಿಟಾದಿಂದಲೋ ಕೊಳ್ಳುತ್ತಾರೆ. ಕೆಲವು ನೂರು ಗಡಿಯಾರಗಳನ್ನು ಜೋಡಿಸಿ ಅಂತರ್ಜಾಲದ ಮೂಲಕ ನೇರವಾಗಿ ಗಿರಾಕಿಗೆ ಮಾರುತ್ತಾರೆ. ಇವರಲ್ಲಿ ಹೆಸರಾಂತ ಮಾದರಿಗಳನ್ನು ನಕಲು ಮಾಡಿ ಹೊಟ್ಟೆ ಹೊರೆಯುವವರೂ ಉಂಟು. ಮುಂಗಡ ಪಡೆದು ಮಾಯವಾದವರೂ ಉಂಟು.

ಆದರೆ ಇಂಥವರು ಹುಟ್ಟಿದ್ದಾದರೂ ಹೇಗೆ? 1969ರ ಡಿಸೆಂಬರ್ 25ರಂದು ಟೋಕಿಯೋದಲ್ಲಿ ಸೀಕೋ ಕಂಪೆನಿ ಆಸ್ಟ್ರಾನ್ ಎಂಬ ಕ್ವಾರ್ಟ್ಸ್ ಗಡಿಯಾರವನ್ನು ಮಾರಾಟಕ್ಕಿಟ್ಟಿತು. ಬ್ಯಾಟರಿಯಿಂದ ನಡೆಯುವ ಈ ಬಗೆಯ ಗಡಿಯಾರ ಸ್ಪ್ರಿಂಗಿನ ಗಡಿಯಾರಕ್ಕಿಂತ ಎಷ್ಟೋ ಕರಾರುವಾಕ್ಕು. ಕಾಲಕ್ರಮದಲ್ಲಿ ಅಗ್ಗವೂ ಆಯಿತು. 1970ರ ಸುಮಾರಿಗೆ ಸ್ವಿಸ್ ಗಡಿಯಾರದ ಉದ್ಯಮದಲ್ಲಿ ಸುಮಾರು 90,000 ಜನರಿದ್ದರು. ಮುಂದಿನ ಹದಿನೈದು ವರ್ಷಗಳಲ್ಲಿ ಉಳಿದವರು ಅದರ ಮೂರನೆಯ ಒಂದು ಭಾಗದಷ್ಟು. ಸ್ಪ್ರಿಂಗಿನ ಗಡಿಯಾರ ಸತ್ತೇಹೋಯಿತೆಂದು ಲೋಕ ನಂಬಿತು. ಅದು ಸಾಯಲಿಲ್ಲ, ಉಪಯೋಗದ ವಸ್ತುವಾಗಿದ್ದುದು ಪ್ರೀತಿಯ ವಸ್ತುವಾಗಿ ಮರಳಿತು.

ಪ್ರೀತಿಗೆ ಬೃಹತ್ ಬಂಡವಾಳ ಬೇಕಾಗಿಲ್ಲ. ಕೊಳ್ಳಲು ಯಂತ್ರ ಸಿಕ್ಕಿದರೆ ಸಾಕು. ಹಲವು ಸ್ವಿಸ್ ಮನೆಗಳಿಗೆ ಯಂತ್ರ ಒದಗಿಸುತ್ತಿದ್ದ ಇಟಿಎ ಸಂಸ್ಥೆ, ಹೊರಗಿನವರಿಗೆ ಮಾರುವುದನ್ನು ಕಡಿಮೆ ಮಾಡುವೆನೆಂದು 2002ರಲ್ಲಿ ಸಾರಿದಾಗ ಸಣ್ಣವರು ಕಂಗಾಲಾದರು. ಆ ತೆರವಿಗೆ ಸೆಲ್ಲಿಟಾ ಬಂತು, ಜಪಾನೀಯರೂ ಬಂದರು. ದೊಡ್ಡವರು ಬಾಗಿಲು ಮುಚ್ಚಿದಲ್ಲಿ ಹತ್ತಾರು ಕಿಟಕಿಗಳು ತೆರೆದವು. ಪ್ಯಾರಿಸ್ಸಿನಲ್ಲಿ ಎತಿಯೆನ್ ಮಾಲೆಕ್ ಎಂಬಾತ, ತೀರಿಕೊಂಡ ತಂದೆ ಕೂಡಿಟ್ಟಿದ್ದ ಹಳೆಯ ಗಡಿಯಾರಗಳಿಂದ ಸ್ಫೂರ್ತಿ ಪಡೆದು, ಜನರಿಂದಲೇ ಮುಂಗಡ ಹಣ ಕೂಡಿಸಿ, 2017ರಲ್ಲಿ ಬಾಲ್ಟಿಕ್ ಎಂಬ ಕಂಪೆನಿಯನ್ನು ಆರಂಭಿಸಿದ. ಬೆಂಗಳೂರಿನಲ್ಲಿಯೇ ನಿರುಪೇಶ್ ಜೋಶಿ, ಮರ್ಸಿ ಅಮಲ್‌ರಾಜ್ ದಂಪತಿ 2018ರಲ್ಲಿ ಬ್ಯಾಂಗಲೋರ್ ವಾಚ್ ಕಂಪೆನಿಯನ್ನು ಕಟ್ಟಿದರು. ಅವರ ಒಂದು ಮಾದರಿಗೆ ಮಿಗ್-21 ವಿಮಾನ ಸ್ಫೂರ್ತಿಯಾದರೆ, ಮತ್ತೊಂದಕ್ಕೆ ಭಾರತದ ಅಂತರಿಕ್ಷ ಸಾಹಸ, ಇನ್ನೊಂದಕ್ಕೆ ಕ್ರಿಕೆಟ್ಟು.

ಹಾಗೆ ನೋಡಿದರೆ, ಎಲ್ಲವನ್ನೂ ತಾನೇ ಮಾಡುವ ಗಡಿಯಾರಗಾರ ಎಲ್ಲ ಕಾಲದಲ್ಲಿಯೂ ಅಪರೂಪವೇ. ಸ್ವಿಟ್ಜರ್ಲೆಂಡಿನ ಜುರಾ ಬೆಟ್ಟಗಳ ರೈತಾಪಿ ಮನೆಗಳಲ್ಲಿ, ಹಿಮ ಬಿದ್ದು ಹೊಲದ ಕೆಲಸ ನಿಂತಾಗ, ಒಬ್ಬ ಹಲ್ಲುಚಕ್ರ ಕಡೆಯುತ್ತಿದ್ದ, ಇನ್ನೊಬ್ಬ ತಿರುಪು ಮಾಡುತ್ತಿದ್ದ. ಇವನ್ನೆಲ್ಲ ಕೊಂಡು, ಕೂಡಿಸಿ, ಹೊಂದಿಸಿದವನ ಹೆಸರು ಮುಖದ ಮೇಲೆ ಬರುತ್ತಿತ್ತು. ಬೇಳೆ ಶೆಟ್ಟರ ಅಂಗಡಿಯದು, ಹುಣಿಸೆ ಸಂತೆಯದು. ಆದರೂ ಸಾರು ಅಜ್ಜಿಯದೇ ಅಲ್ಲವೆ?

ಮಗನ ಬಾಯಿಂದ ಬರದ ಉತ್ತರ ಮೇಷ್ಟರಿಗೆ ದೊರೆತದ್ದು ಬೇರೆ ಕಡೆಯಲ್ಲಿ. ಒಂದು ಸೋಮವಾರ ಜನತಾ ನಿಂತುಹೋಯಿತು. ತಂದೆಮಗ ಇಬ್ಬರೂ ಪೇಟೆಯ ಸಂದಿಯೊಂದರಲ್ಲಿ ಕುಳಿತಿದ್ದ ಮುದಿ ರಿಪೇರಿಗಾರನ ಬಳಿಗೆ ಹೋದರು. ಆತ ಕಣ್ಣಿಗೆ ಭೂತಗಾಜು ಸಿಕ್ಕಿಸಿ ಜನತಾದ ಹೊಟ್ಟೆ ಬಿಚ್ಚಿದ. ಎಣ್ಣೆ ಒಣಗಿದೆ, ಬೇರೆ ರೋಗವಿಲ್ಲ ಎಂದ. ಆಮೇಲೆ ಮಗನ ಕೈಯತ್ತ ನೋಡಿ, ಅದನ್ನೂ ಕೇಳಿ ಪಡೆದು, ಬೆನ್ನಿನ ಗಾಜಿನೊಳಗೆ ಇಣುಕಿದ.

“ಮಿಯೋಟಾ ಯಂತ್ರ. ಸಿಟಿಜನ್‌ನವರದು. ಕಂಪೆನಿ ನಾಳೆ ಮುಳುಗಿದರೂ ಹೆದರಬೇಡಿ. ಈ ಯಂತ್ರ ಬಲ್ಲವರು ಊರೂರಿನಲ್ಲಿದ್ದಾರೆ. ಬೇರೆಲ್ಲೂ ಇಲ್ಲದ ಯಂತ್ರವಾಗಿದ್ದರೆ ಆಗ ಕಷ್ಟ.”

ಮೇಷ್ಟರು ಕೇಳಿದ್ದು ಒಂದೇ ಶಬ್ದ, ಸಿಟಿಜನ್. ಅಣ್ಣ ಹೇಳುತ್ತಿದ್ದುದೆಲ್ಲ ಒಮ್ಮೆಗೇ ನೆನಪಿಗೆ ಬಂತು. 1961ರಲ್ಲಿ ಜಾಲಹಳ್ಳಿಯ ಕಾರ್ಖಾನೆ ಎದ್ದದ್ದು ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ. ವಿದ್ಯೆ ಅಲ್ಲಿಂದ ಬಂತು. ಮೊದಮೊದಲು ಬಿಡಿಭಾಗಗಳೂ ಬಂದವು. ಒಂದೊಂದಾಗಿ ಇಲ್ಲಿಯ ಕೈಗಳು ಕಲಿತವು, ಕಲಿತದ್ದನ್ನು ತಮ್ಮದಾಗಿಸಿಕೊಂಡವು. ಇಷ್ಟು ವರ್ಷ ಅವರು ಅಪ್ಪಟ ಸ್ವದೇಶಿಯೆಂದು ಎದೆಗೊತ್ತಿಕೊಂಡಿದ್ದ ಜನತಾದ ಮೂಲವೂ ಆ ಮನೆಯೇ. ಆ ಕಾರಣಕ್ಕೆ ಅದು ತಮ್ಮದಲ್ಲವೆಂದು ಅವರು ಹೇಳಬಲ್ಲರೆ?

ಮೇಜಿನ ಮೇಲೆ ಎರಡು ಗಡಿಯಾರಗಳೂ ಪಕ್ಕಪಕ್ಕದಲ್ಲಿದ್ದವು. ಎಣ್ಣೆ ಕಂಡ ಜನತಾ ಗಂಟೆಗೆ 18,000, ಅಂದರೆ ಸೆಕೆಂಡಿಗೆ 5 ಬಾರಿ ಮಿಡಿಯತೊಡಗಿತು. ಮಗನದು ಗಂಟೆಗೆ 28,800, ಅಂದರೆ ಸೆಕೆಂಡಿಗೆ 8 ಬಾರಿ. ಮುದುಕ ನಡೆಯುವಾಗ ಹುಡುಗ ಓಡುವುದು ಸಹಜ. ಆದರೂ ದಿನದ ಕೊನೆಗೆ ಇಬ್ಬರೂ ತಲುಪುವುದು ಒಂದೇ ಗಂಟೆಗೆ.

ಹಿಂದಿರುಗುವಾಗ ಬಸ್ಸಿನಲ್ಲಿ ಹೆಚ್ಚು ಮಾತಾಗಲಿಲ್ಲ. ಮೇಷ್ಟರ ಕೈಯಲ್ಲಿ ಜನತಾ ಸರಿಯಾಗಿಯೇ ನಡೆಯುತ್ತಿತ್ತು. ಜೇಬಿನಲ್ಲಿ ಫೋನೂ ಇತ್ತು. ಆದರೂ ಮನೆ ಹತ್ತಿರವಾದಾಗ ಅವರು ಮಗನ ಕಡೆಗೆ ವಾಲಿ ಕೇಳಿದರು:

“ನಿನ್ನ ಗಡಿಯಾರದಲ್ಲಿ ಈಗ ಹೊತ್ತೆಷ್ಟು?”